ಕೆಂಬೇರಿಯ ಮರಿ ಅಳಿವೆಯಲ್ಲಿ ಯಾಕೆ ಬೆಳೆಯುತ್ತದೆ

ಲೋಕ ಆಗಷ್ಟೇ ಹುಟ್ಟಿತ್ತು. ಕಡಲಿಗೆ ಹಾಕಿದ ಉಪ್ಪು ಇನ್ನೂ ಪೂರಾ ಕರಗಿರಲಿಲ್ಲ. ಮೀನುಗಳಿಗೆ ಮನೆ ಹಂಚಿದ್ದು ಮಾತ್ರ ಮುಗಿದಿತ್ತು. ಬಂಗುಡೆಗೆ ಬಯಲು ನೀರು ಸಿಕ್ಕಿತು, ಕಾಣೆಗೆ ಮರಳು ಸಿಕ್ಕಿತು, ಕೆಂಬೇರಿಗೆ ಆಳದ ಬಂಡೆಯ ಪೊಟರೆ ಸಿಕ್ಕಿತು.

ಕೆಂಬೇರಿ ಅಂದರೆ ಕೆಂಪು ಮೈಯ, ದಪ್ಪ ತುಟಿಯ ಮೀನು. ಆ ಬಂಡೆಯ ಕೆಂಬೇರಿಯ ಹೆಸರು ಮಂಕಾಳಿ. ಅವಳಿಗೆ ತನ್ನ ಪೊಟರೆಯ ಮೇಲೆ ಬಲು ಹೆಮ್ಮೆ. ದಿನಾ ಬೆಳಗ್ಗೆ ಬಾಲದಿಂದ ಗುಡಿಸುತ್ತಿದ್ದಳು. ನೆಲದ ಮರಳು ಹಿಟ್ಟಿನಷ್ಟು ನಯವಾಗಿತ್ತು. ಆ ಮರಳೇ ಅವಳ ಒಬ್ಬನೇ ಮಗ ಕೆಂಚುವಿನ ಹಾಸಿಗೆ. "ನಮ್ಮ ಮನೆಯಂಥ ಮನೆ ಇಡೀ ಕಡಲಲ್ಲಿಲ್ಲ" ಎಂದು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಒಂದು ದಿನ ಕೆಂಚು ಬಂಡೆಗೆ ಮೈ ಉಜ್ಜತೊಡಗಿದ.

"ಎಂತಕ್ಕೆ ಹಾಗೆ ಉಜ್ಜಿಕೊಳ್ತೀಯಾ?" ಎಂದಳು ಮಂಕಾಳಿ.

"ತುರಿಸ್ತದೆ ಅವ್ವಿ."

ಹತ್ತಿರ ಹೋಗಿ ನೋಡಿದರೆ ಅವನ ಬೆನ್ನು, ರೆಕ್ಕೆ, ಬಾಲದ ಮೇಲೆಲ್ಲ ಬಿಳಿ ಚುಕ್ಕೆ. ಯಾರೋ ರವೆ ಉದುರಿಸಿದ ಹಾಗಿತ್ತು.

ಆಗಿನ ಕಡಲಿನಲ್ಲಿ ಒಂದು ಕಟ್ಟುಪಾಡಿತ್ತು. ರೋಗ ಬಂದವರನ್ನು ಹಾಸಿಗೆಯಿಂದ ಕದಲಿಸಬಾರದು. ಹಾಗಾಗಿ ಮಂಕಾಳಿ ಮಗನನ್ನು ಮರಳಿನ ಮೇಲೆ ಮಲಗಿಸಿದಳು. ಬಾಗಿಲಿಗೆ ಪಾಚಿಯ ಪರದೆ ಇಳಿಬಿಟ್ಟಳು. ಅವನು ಸೀಗಡಿ ಮುಟ್ಟಲಿಲ್ಲ, ಇವಳೂ ಮುಟ್ಟಲಿಲ್ಲ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ನೋಡುತ್ತಾಳೆ, ಚುಕ್ಕೆಗಳೆಲ್ಲ ಉದುರಿಹೋಗಿವೆ! ಮಂಕಾಳಿಗೆ ಹೋದ ಜೀವ ಬಂದಂತಾಯಿತು. ನೆರೆಹೊರೆಯವರನ್ನೆಲ್ಲ ಕರೆದು ಊಟ ಹಾಕಿದಳು.

ಊಟಕ್ಕೆ ಬಂದವರಲ್ಲಿ ಪಕ್ಕದ ಬಿಲದ ಏಡಿ ಸುಕ್ರಿಯೂ ಇದ್ದಳು. ಉಂಡಾದ ಮೇಲೆ ಅವಳು ಮಂಕಾಳಿಯನ್ನು ಬದಿಗೆ ಕರೆದಳು.

"ತಪ್ಪು ತಿಳಿಯಬೇಡ ಮಾರಾಯ್ತಿ. ಮಗನ ಮೈಯಿಂದ ಉದುರಿದ್ದು ಎಲ್ಲಿಗೂ ಹೋಗಲಿಲ್ಲ. ನಿನ್ನ ಮರಳಲ್ಲೇ ಕಚ್ಚಿಕೊಂಡು ಕೂತಿದೆ. ಒಂದೊಂದು ಕಾಳೂ ಉಬ್ಬುತ್ತಾ ಇದೆ. ನನ್ನ ಕಾಲಿಗೆ ಚುಚ್ತದೆ."

"ಉಂಡ ಮನೆಯ ಜಂತೆ ಎಣಿಸಬೇಡ ಸುಕ್ರಿ" ಎಂದಳು ಮಂಕಾಳಿ. "ನನ್ನ ಮನೆಯ ನೆಲದಷ್ಟು ಚೊಕ್ಕ ನೆಲ ಯಾರದಿದೆ?"

ಸುಕ್ರಿ ಅಡ್ಡಡ್ಡ ನಡೆದುಕೊಂಡು ಹೊರಟುಹೋದಳು. ಸಿಟ್ಟಿನಿಂದ ಹಾಗೆ ನಡೆದದ್ದಲ್ಲ, ಏಡಿ ನಡೆಯುವುದೇ ಹಾಗೆ.

ಮುಂದಾದದ್ದನ್ನು ಮಂಕಾಳಿ ಕಣ್ಣಾರೆ ಕಂಡಳು. ಕೆಂಚು ಮಲಗಿದ್ದಾಗ ಮರಳಿನಲ್ಲಿದ್ದ ಒಂದು ಕಾಳು ಒಡೆಯಿತು. ಒಳಗಿನಿಂದ ಧೂಳಿನಂಥ ಮರಿಗಳು ಎದ್ದು ಬಂದು ಅವನ ಮೈಗೆ ಅಂಟಿದವು. ಇನ್ನೊಂದು ಕಾಳು ಒಡೆಯಿತು, ಮತ್ತೊಂದು ಒಡೆಯಿತು. ಮೊದಲು ಎಣಿಸುವಷ್ಟಿದ್ದ ಚುಕ್ಕೆಗಳು ಈಗ ಎಣಿಕೆಗೆ ಸಿಗಲಿಲ್ಲ. ಕಿವಿರಿನೊಳಗೂ ತುಂಬಿದವು. ಕೆಂಚು ಏದುಸಿರು ಬಿಡತೊಡಗಿದ. ಹೀಗೇ ಬಿಟ್ಟರೆ ಮಗ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಮಂಕಾಳಿ ಕಡಲನ್ನೇ ಕೇಳಿದಳು. "ತಾಯಿ, ನನ್ನ ಮಗನನ್ನು ಉಳಿಸಿಕೊಡು."

ಕಡಲು ಹೇಳಿತು, "ಮಗಳೇ, ನಿನ್ನ ಮಗನೂ ನನ್ನ ಮಡಿಲಿನವನೇ, ಆ ಕಾಳುಗಳೂ ನನ್ನ ಮಡಿಲಿನವೇ. ನನ್ನ ಉಪ್ಪು ಉಂಡೇ ಅವು ಕೊಬ್ಬಿವೆ. ಅವುಗಳ ಸಾವು ನನ್ನ ಹತ್ತಿರ ಇಲ್ಲ. ಹೊಳೆ ಬಂದು ನನ್ನನ್ನು ಸೇರುವ ಅಳಿವೆಗೆ ಹೋಗು."

"ಅಲ್ಲಿ ಸಿಹಿನೀರಲ್ಲವಾ? ಮಗ ಬದುಕ್ತಾನಾ?"

"ನನಗೆ ತಿಳಿಯದು" ಎಂದಿತು ಕಡಲು. ಕಡಲಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಮಂಕಾಳಿ ಮನೆಗೆ ಬಂದು ಮಗನನ್ನು ಮೂತಿಯಿಂದ ಎಬ್ಬಿಸಿದಳು.

"ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದೆಯಲ್ಲ ಅವ್ವಿ?"

"ಅಂದಿದ್ದೆ. ಈಗ ಏಳು."

ನೂಕುತ್ತಾ, ನಿಲ್ಲುತ್ತಾ, ಮತ್ತೆ ನೂಕುತ್ತಾ ಅವನನ್ನು ಅಳಿವೆಗೆ ತಂದಳು. ಹೊಳೆ ದೂರದಿಂದಲೇ ತಡೆಯಿತು.

"ಪೂರಾ ನನ್ನೊಳಗೆ ಬರಬೇಡಿ, ಸತ್ತುಹೋಗ್ತೀರಿ. ಅರ್ಧ ಕಡಲು ಅರ್ಧ ನಾನು ಇರುವಲ್ಲಿ ಅವನನ್ನು ನಿಲ್ಲಿಸು. ಉಪ್ಪು ಕಮ್ಮಿಯಾದರೆ ಅವನಿಗೂ ಸಂಕಟ, ಕಾಳುಗಳಿಗೂ ಸಂಕಟ. ಅವನು ತಡೆದುಕೊಂಡಾನು, ಅವು ತಡೆಯವು. ಆದರೆ ಅವನು ಎಷ್ಟು ಗೋಗರೆದರೂ ತಿರುಗಿ ಕರೆದೊಯ್ಯಬೇಡ."

ಕೆಂಚು ಗೋಗರೆದ. "ಸಪ್ಪೆ ನೀರು ಅವ್ವಿ, ತಲೆ ತಿರುಗ್ತದೆ, ಸಾಕು" ಎಂದ. ಮಂಕಾಳಿ ಕಡಲಿನ ದಾರಿಗೆ ತನ್ನ ಮೈಯನ್ನೇ ಅಡ್ಡವಿಟ್ಟು ನಿಂತಳು.

ದಿನ ಕಳೆದಂತೆ ಚುಕ್ಕೆಗಳು ಒಂದೊಂದಾಗಿ ಉದುರಿದವು. ಈ ಸಲ ಅವುಗಳಿಂದ ಮರಿ ಏಳಲಿಲ್ಲ. ಸಪ್ಪೆ ನೀರಿನಲ್ಲಿ ಉಬ್ಬಿ, ಬಿರಿದು, ಕೊಚ್ಚಿಹೋದವು. ಕೆಂಚು ಒಂದು ಸೀಗಡಿ ತಿಂದ. ಆಮೇಲೆ ಇನ್ನೊಂದು ಕೇಳಿದ.

"ಅವ್ವಿ, ಇನ್ನು ಮನೆಗೆ ಹೋಗುವಾ."

ಮಂಕಾಳಿ ಆಗಲೇ ಮನೆಯ ಕಡೆ ಮುಖ ಮಾಡಿದ್ದಳು. ಆಗ ಅವಳಿಗೆ ಊಟ ಹಾಕಿದ ದಿನ ನೆನಪಾಯಿತು. ಅವತ್ತೂ ಚುಕ್ಕೆ ಉದುರಿತ್ತು, ಅವತ್ತೂ ಗೆದ್ದೆ ಅಂದುಕೊಂಡಿದ್ದಳು. ನಿಂತು, ಮನೆಗೆ ಹೋಗಬಹುದಾ ಎಂದು ಹೊಳೆಯನ್ನು ಕೇಳಿದಳು.

"ನಿನ್ನ ಮನೆಯ ಮರಳಲ್ಲಿ ಅವು ಇವನಿಗೇ ಕಾಯ್ತಾ ಕೂತಿವೆ" ಎಂದಿತು ಹೊಳೆ. "ನಿನ್ನದು ಬಲಿತ ತೊಗಲು, ಅಷ್ಟು ಸುಲಭಕ್ಕೆ ಹತ್ತವು. ಇವನದು ಎಳೆಯ ತೊಗಲು. ಅದು ಬಲಿಯುವ ತನಕ ನೀರಲ್ಲೇ ಬೇರು ಊರಿ ನಿಂತ ಈ ಕಾಂಡ್ಲಾ ಗಿಡಗಳ ಬೇರಿನ ನಡುವೆ ಇರಲಿ."

"ಹಾಗಾದರೆ ನಾನೂ ಇಲ್ಲೇ ಇರ್ತೇನೆ."

"ಬೇರಿನ ಸಂದಿಯಲ್ಲಿ ನೀನು ಹಿಡಿಸುವುದಿಲ್ಲ ತಂಗಿ. ಇಲ್ಲಿಯ ಸೀಗಡಿ ಮರಿ ನಿನ್ನ ಹಲ್ಲಿನ ಸಂದಿಗೂ ಸಾಲದು. ಇಳಿತವಾದರೆ ನೀರೂ ಸಾಲದು."

ಅಷ್ಟು ಚೊಕ್ಕ ಮನೆಯಿದ್ದೂ ಅದರಲ್ಲಿ ಮಗನನ್ನು ಇಟ್ಟುಕೊಳ್ಳಲಾಗದ ತಾಯಿಯ ದುಃಖ ಸಣ್ಣದಲ್ಲ. ಮಂಕಾಳಿ ಅತ್ತಳು. ಮೀನು ನೀರಲ್ಲಿ ಅತ್ತರೆ ಯಾರಿಗೂ ಕಾಣದು, ಕೆಂಚುವಿಗೆ ಮಾತ್ರ ಗೊತ್ತಾಯಿತು.

"ಬಿಟ್ಟು ಹೋಗ್ತೀಯಾ ಅವ್ವಿ?"

"ಹೋಗ್ತೇನೆ. ನೀರು ಏರಿದಾಗ ಬರ್ತೇನೆ."

"ಇಳಿದಾಗ?"

"ಇಳಿದಾಗ ನೀನು ಬೇರು ಬಿಟ್ಟು ಆಚೆ ಬರಬಾರದು."

ಕೆಂಚು ಮುಖ ಊದಿಸಿಕೊಂಡು ಬೇರುಗಳ ನಡುವೆ ನುಗ್ಗಿದ. ಮಂಕಾಳಿ ಇಳಿತದ ನೀರಿನ ಜೊತೆ ಹೊರಟಳು. ಮರುದಿನ ನೀರು ಏರಿದಾಗ ಬಂದಳು. ಅದರ ಮರುದಿನವೂ ಬಂದಳು. ಅದನ್ನು ಕಂಡ ಬೇರೆ ಕೆಂಬೇರಿಗಳೂ ತಮ್ಮ ಮರಿಗಳನ್ನು ತಂದು ಹೊಳೆಯ ಕೈಗೆ ಒಪ್ಪಿಸಿದವು.

ಅಂದಿನಿಂದ ಕೆಂಬೇರಿಯ ಮರಿಗಳು ಅಳಿವೆಯಲ್ಲಿ ಬೆಳೆದು, ತೊಗಲು ಬಲಿತ ಮೇಲೆಯೇ ಆಳದ ಬಂಡೆಗೆ ಹೋಗುತ್ತವೆ. ನೀರು ಏರುವ ಹೊತ್ತಿಗೆ ದಂಡೆಯಲ್ಲಿ ಸುಮ್ಮನೆ ನಿಂತು ನೋಡಿ ಮಕ್ಕಳೇ. ಕಾಂಡ್ಲಾ ಬೇರುಗಳ ಆಚೆ ದೊಡ್ಡದೊಂದು ಕೆಂಪು ಮೀನು ಒಳಗೆ ನುಗ್ಗಲಾಗದೆ ಅತ್ತಿತ್ತ ತಿರುಗುತ್ತಿದ್ದರೆ, ಅದು ದಾರಿ ತಪ್ಪಿ ಬಂದದ್ದಲ್ಲ, ಒಳಗಿರುವ ಮಗನನ್ನು ನೋಡಿಹೋಗಲು ಬಂದ ತಾಯಿ.