ಅಳಿಸು ಅಂದರೆ ಅಳಿಸಿಬಿಟ್ಟ ಸಿಂಗ್ರ

ಬನ್ನಿ, ಹತ್ತಿರ ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಹೇಳಿದ ಮಾತನ್ನು ಹೇಳಿದ ಹಾಗೇ ಕೇಳೋ ಮಗ ಬೇಕು ಅಂತ ಯಾರಾದರೂ ಹರಕೆ ಹೊತ್ತಿದ್ದೀರಾ? ಹೊತ್ತಿದ್ದರೆ ಇವತ್ತೇ ಹೋಗಿ ವಾಪಸ್ಸು ತಗೊಳ್ಳಿ. ಚನ್ನಾಜಮ್ಮ ಅಂಥ ಹರಕೆ ಹೊತ್ತವಳು. ದೇವರು ತಥಾಸ್ತು ಅಂದ. ಸಿಂಗ್ರ ಹುಟ್ಟಿದ.

ಪೇಟೆ ಬೀದಿಯಲ್ಲಿ ಚನ್ನಾಜಮ್ಮನದು ಲಗ್ನಪತ್ರಿಕೆ ಅಂಗಡಿ. ಗಂಡ ಹೋದ ಮೇಲೆ ಅವಳೇ ಕಂಪ್ಯೂಟರ್ ಮುಂದೆ ಕೂತು, ಅಕ್ಷರ ಹೊಡೆದು, ಅಚ್ಚು ಹಾಕಿ ಮಗನನ್ನು ಸಾಕಿದಳು. ಈಗ ಅವಳ ಕಣ್ಣು ಮಂಜಾಗಿತ್ತು. ನರ ಸೋತಿದೆ, ಇನ್ನು ಸರಿಹೋಗಲ್ಲ ಅಂದಿದ್ದರು ಡಾಕ್ಟರು. ಆ ಕುರ್ಚಿಯಲ್ಲಿ ಸಿಂಗ್ರ ಕೂತರೆ ಅಂಗಡಿ ಉಂಟು, ಇಲ್ಲದಿದ್ದರೆ ಇಲ್ಲ. ಮದುವೆ ವಯಸ್ಸಿನ ಮಗ, ಆದರೆ ಪೆದ್ದ. ತಾನು ಹೋದ ಮೇಲೆ ಇವನಿಗೆ ಅನ್ನ ಹಾಕೋರು ಯಾರು? ಅದೊಂದೇ ಚಿಂತೆ ಅವಳಿಗೆ.

ಹಳೇ ಕಂಪ್ಯೂಟರೂ ಅದೇ ಹೊತ್ತಿಗೆ ಕೈಕೊಟ್ಟಿತು. ಅಣ್ಣನ ಮಗಳು ಸುಗುಣ ಬಂದು, ಹಳೇದನ್ನೆಲ್ಲ ತೆಗೆದು, ಅದಕ್ಕೆ ಲಿನಕ್ಸ್ ಅನ್ನೋ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟಳು.

"ಇದು ಎಲ್ಲರ ಸೊತ್ತು ಅತ್ತೆ. ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು, ಹಂಚಬಹುದು. ಪತ್ರಿಕೆ ಬರೆಯೋಕೆ ಒಂದು ಆ್ಯಪು, ಪಟ ತಿದ್ದೋಕೆ ಒಂದು, ಹಾಡು ಕೇಳೋಕೆ ಒಂದು. ನೋಡು, ಎಲ್ಲಾ ಕನ್ನಡದಲ್ಲೇ!"

ಚನ್ನಾಜಮ್ಮ ಪರದೆಗೆ ಮೂಗು ತಾಗಿಸಿ ನೋಡಿದಳು. ತೆರೆ. ಮುಚ್ಚು. ಉಳಿಸು. ಅಳಿಸು. ದಪ್ಪ ದಪ್ಪ ಕನ್ನಡ ಅಕ್ಷರ!

"ಯಾರೇ ಮಾಡಿದ್ದು ಇದನ್ನ?"

"ಎಲ್ಲೆಲ್ಲೋ ಇರೋ ಜನ ಅತ್ತೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ತಲಾಗೊಂದಿಷ್ಟು ಬರೆದು ಸೇರಿಸವ್ರೆ."

"ಮುಖಾನೇ ನೋಡ್ದೆ ಇರೋರು ಕೂಡಿ ಮಾಡಿದ್ದಾ! ಶಿವನೇ!" ಅಂತ ಚನ್ನಾಜಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಸಿಂಗ್ರ ಚಪ್ಪಲಿ ಬಿಟ್ಟು ಬಂದು ಕಂಪ್ಯೂಟರಿಗೆ ಅಡ್ಡ ಬಿದ್ದ. ಬಿದ್ದವನಿಗೆ ಸುಗುಣ ಹಾಡು ಹಾಕಿ ಕೇಳಿಸಿದಳು. ಸಂಜೆವರೆಗೂ ಅದೇ ಹಾಡು. ತಲೆ ಚಿಟ್ಟು ಹಿಡಿದು ಚನ್ನಾಜಮ್ಮ ಕೂಗಿದಳು, "ನಿಲ್ಲಿಸ್ಲಾ ಅದನ್ನ!" ಸಿಂಗ್ರ ಮಲಗಿಸಿದ್ದ ಸ್ಪೀಕರನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. "ನಿಲ್ಲಿಸಿದ್ರೂ ಹಾಡ್ತಾ ಅದಲ್ಲವ್ವಾ!"

ಹೊರಡುವಾಗ ಸುಗುಣ ಬುದ್ಧಿ ಹೇಳಿದಳು. "ಭಾವ, ಏನೇ ಬರೆದ್ರೂ ಕೊನೇಲಿ ಉಳಿಸು. ಮರೀಬೇಡ."

"ಆಯ್ತು, ಹಂಗೇ ಮಾಡ್ತೀನಿ" ಅಂದ. ಹಂಗೇ ಮಾಡಿದ.

ಬೆಲ್ಲದ ಮಂಡಿ ಕಾಳೇಗೌಡರು ಮಗಳ ಮದುವೆ ಪತ್ರಿಕೆಗೆ ಬಂದರು. ಸಿಂಗ್ರ ಬರೆದ, ಅಚ್ಚು ಹಾಕಿದ, ಕಟ್ಟು ಕಟ್ಟಿ ಕೊಟ್ಟ. ಗೌಡರು ಹೋದ ವೇಗದಲ್ಲೇ ವಾಪಸ್ಸು ಬಂದರು.

"ಲೋ! ಹೆಣ್ಣೈತೆ, ಗಂಡೈತೆ, ಮುಹೂರ್ತ ಐತೆ! ಮದುವೆ ಎಲ್ಲೋ? ಛತ್ರದ ಹೆಸರೆಲ್ಲೋ?"

"ಅದು ಕೊನೇದು ಗೌಡ್ರೆ. ಉಳಿಸಿದ್ದೀನಿ."

"ಯಾತಕ್ಲಾ ಉಳಿಸಿದ್ದು?"

"ಕೊನೇಲಿ ಉಳಿಸು ಅಂದವ್ಳೆ ಸುಗುಣ!"

ಗೌಡರು ಪತ್ರಿಕೆ ಅಲ್ಲೇ ಎಸೆದು ಹೋದರು. ಚನ್ನಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಉಳಿಸು ಅಂದ್ರೆ ಬರೆದಿದ್ದನ್ನ ಕಂಪ್ಯೂಟರ್ ಒಳಗೆ ಇಟ್ಕೊ ಅಂತ! ಇನ್ಮೇಲೆ ಒಂದಕ್ಷರ ಬಿಡಬ್ಯಾಡ. ಅವರ ಬಾಯಿಂದ ಬಂದಿದ್ದನ್ನೆಲ್ಲಾ ಬರಿ!"

"ಆಯ್ತವ್ವ, ಹಂಗೇ ಮಾಡ್ತೀನಿ" ಅಂದ. ಹಂಗೇ ಮಾಡಿದ.

ಆಮೇಲೆ ಬಂದವರು ಪುಟ್ಟಸ್ವಾಮಯ್ಯ ಮೇಷ್ಟ್ರು. ಗೃಹಪ್ರವೇಶದ ಪತ್ರಿಕೆ. ಮೇಷ್ಟ್ರು ಹೇಳುತ್ತಾ ಹೋದರು, ಸಿಂಗ್ರ ಹೊಡೆಯುತ್ತಾ ಹೋದ. ಎಲ್ಲಾ ಮನೆಗೂ ಹಂಚಿಯಾಯಿತು. ಓದಿದವರು ಬಿದ್ದು ಬಿದ್ದು ನಕ್ಕರು. ಅದರಲ್ಲಿ ಹೀಗಿತ್ತು: 'ತಾವು ಸಕುಟುಂಬ ಸಪರಿವಾರ ಆಗಮಿಸಿ, ಉಸ್ಸಪ್ಪಾ ಏನು ಸೆಕೆಯೋ, ಆ ಫ್ಯಾನ್ ಹಾಕು, ನಮ್ಮನ್ನು ಆಶೀರ್ವದಿಸಬೇಕಾಗಿ ಕೋರುವ, ಸಪರಿವಾರ ಅಂದರೆ ನನ್ನ ಷಡ್ಡಕ ಊರನ್ನೇ ಕಟ್ಕೊಂಡು ಬತ್ತಾನೆ ಮುಂಡೇದು, ತಮ್ಮ ವಿಶ್ವಾಸಿ.' ಮೊದಲನೇ ಪತ್ರಿಕೆ ಹೋಗಿದ್ದು ಷಡ್ಡಕನ ಮನೆಗೇ.

ಮೇಷ್ಟ್ರು ಬಂದು ಕುಣಿದಾಡಿದರು. ಅವರು ಹೋದ ಮೇಲೆ ಚನ್ನಾಜಮ್ಮ ಕುಣಿದಾಡಿದಳು.

"ಬೇಡದ್ದನ್ನ ಅಳಿಸಬೇಕು ಕಣ್ಲಾ! ಯಾರಾದ್ರೂ ಇದು ಬ್ಯಾಡ ಅಂದ್ರೆ, ಎದುರು ಮಾತಾಡ್ದೆ ಅಳಿಸು!"

"ಅಳಿಸಬೇಕಾ? ಪಾಪ ಬರಲ್ವಾ ಅವ್ವಾ?"

"ಪಾಪನೂ ಇಲ್ಲ, ಪುಣ್ಯನೂ ಇಲ್ಲ! ಕೆಲಸ ಅಂದ್ರೆ ಕೆಲಸ! ಅಳಿಸು!"

"ಆಯ್ತವ್ವ, ಹಂಗೇ ಮಾಡ್ತೀನಿ" ಅಂದ.

ಸುದ್ದಿ ಪೇಟೆಯೆಲ್ಲ ಹಬ್ಬಿ ಅಂಗಡಿ ಕಡೆ ಯಾರೂ ಸುಳಿಯಲಿಲ್ಲ. ಚನ್ನಾಜಮ್ಮ ಮಗನನ್ನು ಕೂರಿಸಿಕೊಂಡು ಕಣ್ಣೀರು ಹಾಕಿದಳು. "ಇನ್ನೊಂದು ಕೆಲಸ ಕೆಟ್ರೆ ಅಂಗಡಿ ಮುಚ್ಚಿಬಿಡ್ತೀನಿ ಮಗಾ. ಈ ಯಂತ್ರ ನಮ್ಮಂಥೋರಿಗಲ್ಲ." ಸಿಂಗ್ರ ಗಾಬರಿಯಾಗಿ ಕಂಪ್ಯೂಟರನ್ನು ತಬ್ಬಿಕೊಂಡ. ಪಾಪ, ಅವನಿಗೆ ಅದರ ಮೇಲೆ ಅಷ್ಟು ಭಕ್ತಿ.

ಹೀಗಿರುವಾಗ ಜವರಪ್ಪ ಬಂದ. ಒಪ್ಪೊತ್ತು ನಕ್ಕವನಲ್ಲ, ಮಹಾ ಕೋಪಿಷ್ಠ. ಮೊಮ್ಮಗನ ಮದುವೆ ಪತ್ರಿಕೆಗೆ ತನ್ನ ಪಟ ಬೇಕಂತೆ. ಇದ್ದ ಒಳ್ಳೇ ಪಟ ಒಂದೇ. ಅದರಲ್ಲಿ ಪ್ರಾಯದ ಜವರಪ್ಪ, ಪಕ್ಕದಲ್ಲಿ ಹೆಗಲ ಮೇಲೆ ಕೈ ಹಾಕಿ ನಿಂತ ತಮ್ಮ ಮರಿಯಪ್ಪ. ಮನೆ ಭಾಗವಾದಾಗ ಎಬ್ಬಿಸಿದ ಗೋಡೆಗಾಗಿ ಜಗಳವಾಗಿ, ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

"ನಾನು ಸಾಕು. ಈ ನನ್ನ ತಮ್ಮ ಬ್ಯಾಡ. ಅಳಿಸ್ಬುಡು" ಅಂದ ಜವರಪ್ಪ.

"ಎಷ್ಟು ಅಳಿಸಲಿ ಗೌಡ್ರೆ?"

"ಪೂರ್ತಿ! ಒಂದು ಚೂರೂ ಬಿಡಬ್ಯಾಡ!"

ಸಿಂಗ್ರ ಪಟವನ್ನು ಕಂಪ್ಯೂಟರಿಗೆ ಏರಿಸಿದ. ಪಟ ತಿದ್ದುವ ಆ್ಯಪು ತೆರೆದ. ಇಬ್ಬರನ್ನೂ ಹಿಗ್ಗಿಸಿದ, ಹಿಗ್ಗಿಸಿದ, ಪರದೆ ತುಂಬಾ ಹಿಗ್ಗಿಸಿದ. ಗುರುತಿಗೆ ಇರಲಿ ಅಂತ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿದ. ಹಾಳೆ ಸುತ್ತಿಕೊಂಡು ಅಂಗಡಿ ಮೆಟ್ಟಿಲಿಳಿದು ಓಟ!

"ಎಲ್ಲಿಗ್ಲಾ?" ಚನ್ನಾಜಮ್ಮ ಕೂಗಿದಳು.

"ಅವರ ತಮ್ಮನ್ನ ಅಳಿಸೋಕೆ ಅವ್ವಾ!"

ಚನ್ನಾಜಮ್ಮನಿಗೆ ಆಗ ಹೊಳೆಯಿತು. ಅಳಿಸು! ಒರೆಸಿ ತೆಗಿ ಅಂತ ತಾನು ಹೇಳಿದ್ದಳು, ಅಳೋ ಹಾಗೆ ಮಾಡು ಅಂತ ಮಗ ಕೇಳಿಸಿಕೊಂಡಿದ್ದ. ಮುಗೀತು, ಇವತ್ತಿಗೆ ಅಂಗಡಿ ಮುಗೀತು. ಎದುರಿಗೆ ಕೂತ ಜವರಪ್ಪನಿಗೆ ಏನು ಹೇಳಬೇಕೋ ತಿಳಿಯದೆ, "ಕಾಫಿ ಕುಡೀತೀರಾ ಗೌಡ್ರೆ?" ಅಂದಳು.

ಕಾಫಿ ಬರುವುದರೊಳಗೆ ಸಿಂಗ್ರ ಬಂದ. ಕೈಹಿಡಿದು ಮರಿಯಪ್ಪನನ್ನು ಎಳೆದುಕೊಂಡು ಬಂದ. ಮುದುಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ನೋಡ್ಕೊಳ್ಳಿ ಗೌಡ್ರೆ! ಅಳಿಸಿದ್ದೀನಿ! ಮೊದ್ಲು ಚಿವುಟಿದೆ, ಅಳಲಿಲ್ಲ. ಪಟ ತೋರಿಸ್ದೆ, ಶುರು ಹಚ್ಕೊಂಡ್ರು. ಪೂರ್ತಿ ಆಗಿಲ್ಲ, ಇನ್ನೂ ಬತ್ತಾ ಅದೆ!"

ಜವರಪ್ಪ ಎದ್ದು ನಿಂತ. ಚನ್ನಾಜಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಮರಿಯಪ್ಪ ಹಾಳೆ ಬಿಚ್ಚಿದ. "ಅಣ್ಣಾ, ಈ ಅಂಗಿ ನೋಡು. ಇಬ್ಬರಿಗೂ ಒಂದೇ ಬಟ್ಟೇಲಿ ನೀನೇ ಹೊಲಿಸ್ದೆ. ಬಟ್ಟೆ ಸಾಲಲಿಲ್ಲ. ನಿನ್ನ ತೋಳು ಗಿಡ್ಡ ಮಾಡಿಸಿ ನನಗೆ ಉದ್ದ ತೋಳು ಹೊಲಿಸ್ದೆ. ಮರೆತೇಬಿಟ್ಟಿದ್ನಲ್ಲಣ್ಣಾ!"

ಜವರಪ್ಪ ಬಾಗಿ ಪಟದ ಗಿಡ್ಡ ತೋಳಿನ ಮೇಲೆ ಕೈಯಾಡಿಸಿದ. ಚನ್ನಾಜಮ್ಮನಿಗೆ ಮುಖ ಕಾಣಿಸದು, ಎರಡು ಗಂಟಲಿನ ಸದ್ದು ಮಾತ್ರ ಕೇಳಿಸಿತು.

"ಯಾರ್ಲಾ ಅಳ್ತಿರೋದು?"

"ಇಬ್ಬರೂ ಅವ್ವಾ! ಒಬ್ಬರನ್ನ ಅಂದಿದ್ರು. ಜಾಸ್ತಿ ಆಗೋಯ್ತು."

ಚನ್ನಾಜಮ್ಮ ಬೈಯಲು ಬಾಯಿ ತೆರೆದಳು. ಇವರಿಬ್ಬರನ್ನು ಕೂಡಿಸಲು ಹೋಗಿ ಪಂಚಾಯ್ತಿ ಸೋತಿತ್ತು, ನೆಂಟರು ಹೇಳಿ ಸೋತಿದ್ದರು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಈ ಪೆದ್ದ ಅದನ್ನು ಮಾಡಿದನೇ? ತಡಕಾಡಿ ಮಗನ ತಲೆ ಮುಟ್ಟಿದಳು.

ಜವರಪ್ಪ ಮೂಗು ಒರೆಸಿಕೊಂಡ. "ಚನ್ನಾಜಮ್ಮ, ನನ್ನ ಪತ್ರಿಕೆ ಇಲ್ಲೇ ಆಗಬೇಕು, ಇವನೇ ಮಾಡಬೇಕು. ನಮ್ಮ ಹಟ್ಟೀಲಿ ಇನ್ನು ಎಷ್ಟು ಮದುವೆ ಆದ್ರೂ ಇವನದೇ ಪತ್ರಿಕೆ. ಲೋ ಸಿಂಗ್ರ, ಅಳಿಸೋದು ಸಾಕು. ನಮ್ಮಿಬ್ಬರನ್ನೂ ಜೋಡಿಸಿ ಅಂಟಿಸಪ್ಪಾ. ಬುಡಿಸೋಕಾಗಬಾರದು, ಹಂಗೆ ಅಂಟಿಸು!"

"ಆಯ್ತು ಗೌಡ್ರೆ, ಹಂಗೇ ಮಾಡ್ತೀನಿ" ಅಂದ.

ಮೇಜಿನ ಕೆಳಗೆ ಲಕೋಟೆ ಅಂಟಿಸುವ ಗೋಂದಿನ ಡಬ್ಬ ಇತ್ತು. ಸಿಂಗ್ರ ಮುಚ್ಚಳ ತೆಗೆದ. ಅಣ್ಣನ ಎಡಗಡೆ ಹೆಗಲಿಗೆ ಬಳಿದ, ತಮ್ಮನ ಬಲಗಡೆ ಹೆಗಲಿಗೆ ಬಳಿದ. "ಏ, ಏ, ಏನ್ಲಾ ಇದು!" ಅನ್ನುವುದರೊಳಗೆ ಇಬ್ಬರನ್ನೂ ಸೇರಿಸಿ ಗಟ್ಟಿಯಾಗಿ ಅದುಮಿ ಹಿಡಿದ.

ಎಳೆದರೆ ಅಂಗಿ ಬರುತ್ತೆ, ಅಂಟು ಬರಲ್ಲ! ಜವರಪ್ಪ ನಗಲು ಶುರುಮಾಡಿದ. ಅಡ್ಡಡ್ಡ ನಡೆದು ಬಾಗಿಲು ದಾಟಿ ಇಬ್ಬರೂ ಬೀದಿಗಿಳಿದರು. ಪೇಟೆ ಪೇಟೆಯೇ ಬಾಯಿ ಬಿಟ್ಟು ನೋಡಿತು.

"ಮೊದ್ಲು ನಮ್ಮನೆಗೆ ನಡಿ!"

"ಇಲ್ಲಣ್ಣ, ಮೊದ್ಲು ನಮ್ಮನೆಗೆ!"

ಸಿಂಗ್ರ ಗೋಂದಿನ ಡಬ್ಬ ಹಿಡಿದುಕೊಂಡು ಹಿಂದೆಯೇ ಓಡಿದ. "ಗೌಡ್ರೆ! ಎಲ್ಲಿಗಾದ್ರೂ ಹೋಗಿ, ಒಣಗೋವರೆಗೂ ಅಲ್ಲಾಡಬ್ಯಾಡಿ!"