ಬೀಬಿಯರ ಹೆಗಲುಕಟ್ಟೆ

ಮಡ್ಡಿಹಾಳದಿಂದ ಖಬರಸ್ತಾನಕ್ಕೆ ಹೋಗುವ ಬಂಡಿದಾರಿ ಉಪ್ಪಹಳ್ಳಕ್ಕೆ ಇಳಿಯುವ ಮುನ್ನ, ಎಡಗಡೆಗೆ ಜಾಲಿಗಿಡದ ನೆರಳಿನಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. ನೋಡಲು ಅಂಥದ್ದೇನೂ ಇಲ್ಲ. ಹಳ್ಳದ ಗುಂಡುಕಲ್ಲುಗಳನ್ನು ಕೆಸರಿನಲ್ಲಿ ಕೂಡಿಸಿ ಮೇಲೊಂದು ಚಪ್ಪಡಿ ಹಾಸಿದ್ದಾರೆ, ಅಷ್ಟೇ. ಹಸಿರು ಚಾದರವಿಲ್ಲ, ಊದುಬತ್ತಿ ಹಚ್ಚುವವರಿಲ್ಲ, ಉರುಸು ಗಿರುಸು ಮೊದಲೇ ಇಲ್ಲ. ಆದರೂ ಹೊಲಕ್ಕೆ ಹೋಗುವ ಹೆಂಗಸರು ಅಲ್ಲಿಗೆ ಬಂದಾಗ ಬುತ್ತಿಯ ಗಂಟನ್ನು ತಲೆಯಿಂದಿಳಿಸಿ ಹೆಗಲ ಮೇಲಿಟ್ಟುಕೊಂಡು ಹಳ್ಳ ದಾಟುತ್ತಾರೆ. ಯಾಕೆಂದು ಕೇಳಿದರೆ, "ನಮ್ಮತ್ತಿ ಹಂಗ ಮಾಡ್ತಿದ್ಲು, ನಾವೂ ಮಾಡ್ತೀವಿ" ಎಂದು ನಕ್ಕು ಮುಂದೆ ಹೋಗುತ್ತಾರೆ. ಇದಕ್ಕೆ ಬೀಬಿಯರ ಹೆಗಲುಕಟ್ಟೆ ಎನ್ನುತ್ತಾರೆ. ಸರಕಾರದ ನಕಾಶೆಯಲ್ಲಿ ಈ ಹೆಸರಿಲ್ಲ. ಇಲ್ಲದಿದ್ದರೆ ಬಿಡಿ, ಊರ ಬಾಯಲ್ಲಿದೆಯಲ್ಲ, ಅಷ್ಟು ಸಾಕು.

ಹಿಂದೆ ಒಮ್ಮೆ, ಈಗಿನ ಮುದುಕರ ಅಜ್ಜಂದಿರೂ ಕೂಸುಗಳಾಗಿದ್ದ ಕಾಲಕ್ಕೆ, ಈ ಊರಿಗೆ ದೊಡ್ಡಬೇನೆ ಬಂದಿತ್ತಂತೆ. ಮೊದಲು ಮಾಳಿಗೆಯ ಜಂತಿಗಳಿಂದ ಇಲಿಗಳು ದೊಪದೊಪನೆ ಬಿದ್ದು ಸತ್ತವು. ಆಮೇಲೆ ಮನುಷ್ಯರಿಗೆ ಚಳಿಜ್ವರ ಬಂತು, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದವು. ಗಡ್ಡೆ ಎದ್ದವರು ಉಳಿದದ್ದು ಕಡಿಮೆ. ಹಗಲೆಲ್ಲ ಅರಳೆ ಹಿಂಜುವ ಬಿಲ್ಲಿನ ಸದ್ದಿನಿಂದ ತುಂಬಿರುತ್ತಿದ್ದ ಪಿಂಜಾರ ಓಣಿಯಲ್ಲಿ ನಾಯಿ ಬೊಗಳಿದರೂ ಎದೆ ನಡುಗುವಂತಾಯಿತು. ಓಣಿಯ ಹಿರಿಯ ಲಾಡ್ಲೇಸಾಬ ಗಂಡಸರನ್ನೂ ಮಕ್ಕಳನ್ನೂ ದನಕರುಗಳನ್ನೂ ಹಳ್ಳದಾಚೆಗೆ, ಖಬರಸ್ತಾನದ ಪಕ್ಕದ ಜೋಳದ ಹೊಲಗಳಿಗೆ ಸಾಗಿಸಿ ಗುಡಿಸಲು ಹಾಕಿಸಿದ. ಬೇನೆಯವರ ಆರೈಕೆಗೆ ನಿಂತಿದ್ದ ಹೆಂಗಸರು ಮಾತ್ರ ಊರಲ್ಲೇ ಉಳಿದರು. ಒಂದು ಸಲ ರೋಗಿಯನ್ನು ಮುಟ್ಟಿದವರು ಹಳ್ಳ ದಾಟಬಾರದು ಎಂದು ಅವನು ಕಟ್ಟಪ್ಪಣೆ ಮಾಡಿದ್ದ. ಆಚೆಯವರು ಹಳ್ಳದ ಬಂಡೆಯ ಮೇಲೆ ಜೋಳವಿಟ್ಟು ಕೂಗಿ ಓಡಿಹೋಗುತ್ತಿದ್ದರು. ಈಚೆಯವರು ಹೋಗಿ ತಂದುಕೊಳ್ಳುತ್ತಿದ್ದರು. ಅವನನ್ನು ಕೆಟ್ಟವನೆನ್ನಲು ನನಗೆ ಬಾಯಿ ಬರುವುದಿಲ್ಲ, ಮಕ್ಕಳನ್ನು ಉಳಿಸಿದವನೂ ಅವನೇ. ಆದರೆ ಹೆದರಿಕೆ ಹೊಕ್ಕ ಮನುಷ್ಯ ಎಲ್ಲಿಗೆ ನಿಲ್ಲಬೇಕೋ ಅಲ್ಲಿಗೆ ನಿಲ್ಲುವುದಿಲ್ಲ ನೋಡಿ.

ಈಚೆ ಉಳಿದವರಲ್ಲಿ ದಾವಲಬಿ ಎಂಬ ಸೊಸೆ ಇದ್ದಳು. ಮದುವೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಗಂಡ ನಬೀಸಾಬ ಹಳ್ಳದಾಚೆ, ಅತ್ತೆ ಇಮಾಂಬಿ ಈಚೆ ಹಾಸಿಗೆಯಲ್ಲಿ. ಇಮಾಂಬಿ ಊರಿನ ಹೆಂಗಸರ ಮೈಯತ್ತಿಗೆ ಗುಸುಲು ಮಾಡಿಸುವವಳು, ಅಂದರೆ ಸತ್ತ ಹೆಂಗಸಿಗೆ ಕಡೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ಉಡಿಸುವವಳು. ಬೇನೆಯ ಕಾಲದಲ್ಲೂ ಆಕೆ ಯಾರ ಹೆಣಕ್ಕೂ ಹೇಸಿರಲಿಲ್ಲ, ಅದರಿಂದಲೇ ಬೇನೆ ಹಿಡಿದುಕೊಂಡಿತು. ಸಾಯುವುದಕ್ಕೆ ಆ ಮುದುಕಿ ಹೆದರಲಿಲ್ಲ, ಹೆದರಿದ್ದು ಹಗ್ಗಕ್ಕೆ. ಹಿಂದಿನ ವಾರ ಓಣಿಯ ಕೊನೆಯ ಮನೆಯಲ್ಲಿ ಒಬ್ಬಂಟಿ ಮುದುಕಿ ಸತ್ತಾಗ, ಆಚೆಯಿಂದ ಬಂದ ಗಂಡಸರು ಬಾಯಿಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಳಗೆ ಕಾಲಿಡದೆ, ತೊಲೆಗೆ ಉದ್ದನೆಯ ಹಗ್ಗ ಬಿಗಿದು ದೂರದಿಂದ ಎಳೆದಿದ್ದರು. ಮಣ್ಣಿನ ಮಾಳಿಗೆ ಧಡ್ಡೆಂದು ಹೆಣದ ಮೇಲೆ ಕುಸಿದಿತ್ತು. ಗುಸುಲಿಲ್ಲ, ಕಫನಿಲ್ಲ, ನಮಾಜಿಲ್ಲ, ಅದೇ ಗೋರಿ. ಆ ಸದ್ದು ಕೇಳಿದಂದಿನಿಂದ ಇಮಾಂಬಿ ಮಾಳಿಗೆಯನ್ನೇ ನೋಡುತ್ತ ಮಲಗಿದಳು. "ಊರ ಹೆಂಗಸರಿಗೆಲ್ಲ ಕಡೀ ನೀರು ಹಾಕೀನಿ. ನನ್ನ ಮ್ಯಾಲ ಮಾಳಗಿ ಕೆಡವಸಬ್ಯಾಡ ನನ್ನವ್ವ. ನನ್ನ ಖಬರಸ್ತಾನ ಮುಟ್ಟಸು" ಎಂದು ಸೊಸೆಯ ಕೈ ಹಿಡಿದು ಅತ್ತಳು. ದಾವಲಬಿ ಹೂಂ ಅಂದಳು.

ಮರುದಿನ ಮುಂಜಾನೆ ಇಮಾಂಬಿಯ ಉಸಿರು ನಿಂತಿತು. ದಾವಲಬಿ ಹಳ್ಳದ ದಂಡೆಗೆ ಓಡಿ, "ಅತ್ತಿ ತೀರಿಕೊಂಡ್ಲು, ಮಂದಿ ಬರ್ರಿ" ಎಂದು ಕೂಗಿದಳು. ಆಚೆ ದಂಡೆಯಲ್ಲಿ ಗಂಡಸರು ಕೂಡಿದರು. ಅವರ ನಡುವೆ ನಬೀಸಾಬನೂ ಇದ್ದ. ತಾಯಿಯ ಸುದ್ದಿ ಕೇಳಿ ಆತ ಮುಖ ಮುಚ್ಚಿಕೊಂಡು ಕುಕ್ಕರಿಸಿದ, ಆದರೆ ಹೆಜ್ಜೆ ಮುಂದಿಡಲಿಲ್ಲ. ಲಾಡ್ಲೇಸಾಬ, "ಇನ್ನಾಲಿಲ್ಲಾಹಿ... ನೀ ಮನೀ ಬಿಟ್ಟು ಹೊರಗ ನಿಲ್ಲವ್ವಾ. ಮಧ್ಯಾಹ್ನ ಹಗ್ಗ ತಗೊಂಡು ಬರ್ತಾರ" ಅಂದ. ಬರುವಾಗ ಓಡುತ್ತ ಬಂದ ದಾವಲಬಿ ಮನೆಗೆ ಮರಳುವಾಗ ಗೋಡೆ ಹಿಡಿದುಕೊಂಡು ನಡೆದಳಂತೆ.

ಅವಳನ್ನು ಬಿಟ್ಟರೆ ಓಣಿಯಲ್ಲಿ ನಡೆದಾಡುವ ಶಕ್ತಿಯಿದ್ದವರೆಂದರೆ ಮೂವರು: ವಯಸ್ಸಾದ ರಾಜಮಾ, ಮಲನಬಿ, ಆಕೆಯ ತಂಗಿ ಖಾತುನಬಿ. ಅವರು ಬಂದು ಇಮಾಂಬಿಗೆ ಗುಸುಲು ಮಾಡಿಸಿದರು, ಆಕೆಯೇ ಹಿಂಜಿಟ್ಟ ಅರಳೆಯನ್ನು ಬಳಸಿ ಕಫನ್ ಉಡಿಸಿದರು. ಇಲ್ಲಿಯವರೆಗೆ ಹೆಂಗಸರ ಕೆಲಸ. ಮುಂದಿನದು ಗಂಡಸರದು. ಹೆಣ ಹೊರುವ ಜನಾಜಾದ ಮಂಚ ಮಸೀದಿಯ ಮೂಲೆಯಲ್ಲಿರುತ್ತಿತ್ತು, ಅದನ್ನು ಹೆಂಗಸರು ಮುಟ್ಟಿದ್ದೇ ಇಲ್ಲ, ಖಬರಸ್ತಾನದ ಬೇಲಿ ದಾಟಿದ್ದೂ ಇಲ್ಲ. ದಾಟಿದವಳಿಗೆ ಸೈತಾನ ಬೆನ್ನು ಹತ್ತುತ್ತಾನೆಂದು ಕೂಸಿದ್ದಾಗಿನಿಂದ ಕೇಳಿ ಬೆಳೆದವರು ಅವರು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಎತ್ತಿದ ಜನಾಜಾ ದಾರಿಯಲ್ಲಿ ನೆಲ ಮುಟ್ಟಿದರೆ, ಹೊತ್ತವರಲ್ಲಿ ಒಬ್ಬರ ಜೀವ ಕೇಳುತ್ತದೆ ಎಂಬ ನಂಬಿಕೆ ಈ ಊರಲ್ಲಿ ಗಟ್ಟಿಯಾಗಿತ್ತು. ಅದಕ್ಕೇ ಗಂಡಸರು ಗುಂಪಾಗಿ ಹೋಗಿ ಹೆಗಲು ಬದಲಾಯಿಸುತ್ತ ಸಾಗುತ್ತಿದ್ದರು. ಇಲ್ಲಿದ್ದವರು ನಾಲ್ವರೇ, ಅದೂ ಅರೆಹೊಟ್ಟೆಯವರು. "ಏ ಹುಡುಗಿ, ನಡುದಾರ್ಯಾಗ ಕೈ ಸೋತ್ರ ಯಾರು ಬರ್ತಾರ? ನಮ್ಮನ್ನೂ ಕರಕೊಂಡು ಹೋಗ್ತಾಳ ನಿಮ್ಮತ್ತಿ" ಎಂದು ರಾಜಮಾ ಗೊಣಗಿದಳು. ದಾವಲಬಿ ಮಾಳಿಗೆಯ ಕಡೆ ಕೈ ತೋರಿಸಿ, "ಹಗ್ಗ ಬರೋದ್ರಾಗ ಎತ್ತಬೇಕು ದೊಡ್ಡವ್ವ" ಅಂದಳು. ರಾಜಮಾ ಬೈದುಕೊಳ್ಳುತ್ತಲೇ ಸೆರಗು ಬಿಗಿದು ಮಸೀದಿಯ ಕಡೆ ಎಲ್ಲರಿಗಿಂತ ಮುಂದೆ ನಡೆದಳು.

ಹೀಗೆ ಆ ನಾಲ್ವರು ಜನಾಜಾ ಹೊತ್ತು ಹೊರಟರು. ಬೇನೆಯ ವಾಸನೆ ತಡೆಯಲು ಬಾಯಿಮೂಗಿಗೆ ಅರಳೆಯ ಪಟ್ಟಿ ಕಟ್ಟಿಕೊಂಡಿದ್ದರು, ಮೈತುಂಬ ಬಿಳಿಯ ಚಾದರ ಹೊದ್ದಿದ್ದರು. ಬಾಯಲ್ಲಿ ಹೇಳಿಕೊಂಡ ಕಲಿಮಾ ಪಟ್ಟಿಯಾಚೆ ಕೇಳಲಿಲ್ಲ. ಇಳಿಜಾರಿನಲ್ಲಿ ಮಂಚ ವಾಲಿದಾಗಲೆಲ್ಲ ದಾವಲಬಿ ಇನ್ನೊಂದು ಕೈಯನ್ನೂ ಕೊಟ್ಟು ಹಿಡಿಯುತ್ತಿದ್ದಳು. ಆಚೆಯಿಂದ ನೋಡಿದವರಿಗೆ, ಸತ್ತ ಊರಿನೊಳಗಿಂದ ಮುಖವಿಲ್ಲದ ಬಿಳಿಯ ಆಕೃತಿಗಳು ಹೆಣ ಹೊತ್ತು ತಮ್ಮ ಮಕ್ಕಳ ಕಡೆಗೇ ಇಳಿದು ಬರುತ್ತಿದ್ದಂತೆ ಕಂಡಿತು. ಯಾರೋ ಚೀರಿದರು. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಇಟ್ಟುಕೊಂಡಿದ್ದ ಕವಣೆಗಳು ಕೈಗೆ ಬಂದವು. ಹೆಂಗಸರು ಹಳ್ಳದ ನಡುವಿಗೆ, ಮೊಣಕಾಲುದ್ದ ನೀರಿಗೆ ಬಂದಾಗ ಸುಯ್ಯೆಂದು ಬಂದ ಕಲ್ಲೊಂದು ಖಾತುನಬಿಯ ಹಣೆಗೆ ಬಡಿಯಿತು. ಆಕೆ ಮೊಣಕಾಲೂರಿ ಕುಸಿದಳು, ಆದರೆ ಹೆಗಲು ತಗ್ಗಿಸಲಿಲ್ಲ. ಮಂಚ ಒಂದು ಮೂಲೆಗೆ ವಾಲಿತು. ಹೆಣ ನೀರುಪಾಲಾಗುತ್ತದೆಂದು ಕಂಡ ದಾವಲಬಿ ಅಲ್ಲೇ ಮೊಣಕಾಲೂರಿದಳು, ಮಲನಬಿಯೂ ಊರಿದಳು, ರಾಜಮಾ "ಯಾ ಅಲ್ಲಾ" ಎನ್ನುತ್ತ ಊರಿದಳು. ನಾಲ್ವರೂ ನಡುಮಟ್ಟ ನೀರಿನಲ್ಲಿ ಕುಳಿತರು, ಜನಾಜಾ ಅವರ ಹೆಗಲ ಮೇಲೆ ಸಮನಾಗಿ ನಿಂತಿತು. ನೆಲ ಮುಟ್ಟಲಿಲ್ಲ. ಆದರೆ ಏಳಲು ಯಾರ ಕಾಲಲ್ಲೂ ತ್ರಾಣವಿರಲಿಲ್ಲ. ಇನ್ನೊಂದು ಕಲ್ಲು ಬಂದರೆ ಮುಗಿಯಿತು ಎಂಬುದು ನಾಲ್ವರಿಗೂ ಗೊತ್ತಿತ್ತು.

ಆಚೆ ದಂಡೆಯಲ್ಲಿ ಕವಣೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತವನು ನಬೀಸಾಬನೇ ಆಗಿದ್ದ. ಆ ಕಲ್ಲು ಅವನದೇ ಎಂದು ಕೆಲವರು, ಅಲ್ಲವೆಂದು ಕೆಲವರು ಹೇಳುತ್ತಾರೆ. ದಾವಲಬಿ ಒಂದು ಕೈಯಿಂದ ಬಾಯಿಯ ಪಟ್ಟಿ ಕಿತ್ತೆಸೆದಳು. ಊರ ಹಿರಿಯರೆದುರು ಎಂದೂ ದನಿ ಎತ್ತದವಳು ಇಡೀ ಹಳ್ಳ ಕೇಳುವಂತೆ ಕೂಗಿದಳು: "ಏನ್ರೀ, ನಿಮ್ಮವ್ವನ್ನ ಕರಕೊಂಡು ಬಂದೀನಿ! ಕಲ್ಲು ಒಗೀತೀರೋ, ಹೆಗಲು ಕೊಡ್ತೀರೋ? ಗುಡಸಲ ಕಡೆ ನಾವು ಬರಂಗಿಲ್ಲ, ಮಣ್ಣು ಮಾಡಿ ಹೊಳ್ಳಿ ಹೋಗ್ತೀವಿ!" ನಬೀಸಾಬನ ಕೈಯಿಂದ ಕವಣೆ ಜಾರಿತು. ಆತ ನೀರಿಗಿಳಿದ. "ಹೋದ್ರ ಗುಡಸಲ ಕಡೆ ಹೊಳ್ಳಿ ಬರಬ್ಯಾಡಪ್ಪಾ" ಎಂದು ಲಾಡ್ಲೇಸಾಬ ಹಿಂದಿನಿಂದ ಕೂಗಿದ್ದು ಎಲ್ಲರಿಗೂ ಕೇಳಿತು, ಅವನಿಗೂ ಕೇಳಿತು. ರೂಢಿಯಂತೆ ತಾಯಿಯ ತಲೆಯ ಕಡೆ ಮುಂದಿನ ಹೆಗಲಿಗೆ ಬಂದು ನಿಂತ. ಅಲ್ಲಿದ್ದವಳು ದಾವಲಬಿ. ಆಕೆ ಜಾಗ ಬಿಡಲಿಲ್ಲ. "ಖಾತುನಬಿಗೆ ರಕ್ತ ಸುರೀತದ, ಹಿಂದ ಆಕೀ ಜಾಗಕ್ಕ ಹೋಗ್ರಿ" ಅಂದಳು. ಆತ ಹಿಂದೆ ಹೋಗಿ ಖಾತುನಬಿಯ ಮೂಲೆಗೆ ಹೆಗಲು ಕೊಟ್ಟ, ಮಂಚ ಮೇಲೆದ್ದಿತು.

ಬೇನೆಯ ಕಾಲಕ್ಕೆಂದು ಮೊದಲೇ ತೋಡಿಟ್ಟ ಗೋರಿಯೊಂದರಲ್ಲಿ ಇಮಾಂಬಿಯನ್ನು ಇಳಿಸಿದರು. ಇಳಿಸುವ ಮೊದಲು ನಬೀಸಾಬ ನಮಾಜಿಗೆ ನಿಂತಾಗ ದೂರದ ಗುಡಿಸಲುಗಳ ಮುಂದೆ ಲಾಡ್ಲೇಸಾಬನೂ ಅದೇ ನಮಾಜಿಗೆ ಕಿವಿಗೆ ಕೈಯೇರಿಸಿ ನಿಂತನಂತೆ. ಮಣ್ಣು ಮಾಡಿದ ಮೇಲೆ ಹೆಂಗಸರು ಕೊಟ್ಟ ಮಾತಿನಂತೆ ಊರಿಗೆ ಮರಳಿದರು, ನಬೀಸಾಬನೂ ಜೊತೆಗೇ ಹೋದ. ಆಮೇಲಿನ ದಿನಗಳೇ ಎಲ್ಲಕ್ಕಿಂತ ಘೋರ. ದಾವಲಬಿ ದಿನಾ ಎದ್ದ ಕೂಡಲೇ ಮೊದಲು ತನ್ನ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಆಮೇಲೆ ಗಂಡನದು. ರಾಜಮಾ ಉಳಿಯಲಿಲ್ಲ. ಆಕೆಯನ್ನೂ ಇವರೇ ಹೊತ್ತರು. ಆ ಸಲ ಆಚೆಯಿಂದ ಕಲ್ಲು ಬರಲಿಲ್ಲ, ಗಂಡಸರೇ ನೀರಿಗಿಳಿದು ಬಂದು ಮಂಚ ಎತ್ತಿಕೊಂಡರು.

ಬೇನೆ ಇಳಿದು ಊರು ಕೂಡಿದ ಮೇಲೆ, ಹೊತ್ತವರು ದಣಿದರೆ ಜನಾಜಾ ನೆಲ ಮುಟ್ಟದಂತೆ ಇಡಲೊಂದು ಕಟ್ಟೆ ಬೇಕೆಂದು ನಬೀಸಾಬ ಹಳ್ಳದ ಕಲ್ಲು ಹೊತ್ತು ತಂದ. ಮಳೆಗಾಲದ ನೀರು ಏರದಂತೆ ದಂಡೆಯ ಮೇಲೆ ಜಾಗ ಆರಿಸಿದ. ಎಷ್ಟು ಎತ್ತರ ಕಟ್ಟಬೇಕೆಂದು ಹೆಂಡತಿಯನ್ನು ಕೇಳಿದನಂತೆ. ದಾವಲಬಿ ಕಲ್ಲಿನ ಪಕ್ಕ ನೆಟ್ಟಗೆ ನಿಂತು, ತನ್ನ ಹೆಗಲ ಮೇಲೆ ಅಂಗೈ ಇಟ್ಟು ತೋರಿಸಿದಳು.

ಇವತ್ತಿಗೂ ಮಡ್ಡಿಹಾಳದಲ್ಲಿ ಹೆಂಗಸು ಸತ್ತರೆ ಊರಿನಿಂದ ಈ ಕಟ್ಟೆಯವರೆಗೆ ಹೆಂಗಸರೇ ಹೆಗಲು ಕೊಡುತ್ತಾರೆ. ಬೇರೆ ಊರಿನ ಮೌಲ್ವಿಗಳು ಬಂದಾಗ ಇದು ಸರಿಯಲ್ಲವೆಂದು ಹೇಳಿ ನೋಡಿದ್ದಾರೆ. ಊರ ಗಂಡಸರು ತಲೆ ಕೆರೆದುಕೊಂಡು ಚಹಾ ಕುಡಿಸಿ ಕಳಿಸಿದ್ದಾರೆ. ನೋಡಬಂದವರು ಕಟ್ಟೆಯ ಪಕ್ಕ ನಿಂತು ಅಳತೆ ನೋಡಬಹುದು. ಹೆಂಗಸರು ಹೊತ್ತು ತಂದ ಮಂಚ ಅದರ ಮೇಲೆ ನೇರವಾಗಿ ಸರಿದು ಕೂರುತ್ತದೆ. ಅಲ್ಲಿಂದ ಎತ್ತಿಕೊಳ್ಳಲು ಬರುವ ಗಂಡಸರು, ಎಂಥ ಎತ್ತರದವರೇ ಇರಲಿ, ಮೊಣಕಾಲು ಮಡಿಚಿ ಬಗ್ಗಬೇಕಾಗುತ್ತದೆ.