ಹುರಮಂಜಿನ ಪಟ್ಟೆ

ಗುಡಿಯ ಗರ್ಭದಲ್ಲಿಯೂ ಬೀದಿಯ ಧೂಳಿನಲ್ಲಿಯೂ ಒಂದೇ ಸಮನೆ ನೆಲೆಸಿರುವ ಪರಶಿವನಿಗೆ ಮೊದಲ ಶರಣು. ನಾಲಿಗೆಗೆ ಮಾತು ಕೊಟ್ಟು ಮಾತಿಗೆ ದಾರಿ ತೋರಿದ ಗುರುವಿನ ಪಾದಕ್ಕೆ ಮತ್ತೊಂದು ಶರಣು. ಈ ಕತೆಯಲ್ಲಿ ಸವಿಯಿದ್ದರೆ ಅದು ಅವರದು, ಕೊರತೆಯಿದ್ದರೆ ನಮ್ಮದು.

ಒಂದು ಸೋಮವಾರದ ಸಂಜೆ ಮಠದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ಸ್ವಾಮಿಗಳಾದ ಅಜ್ಜಾರನ್ನು ಶಿಷ್ಯ ಕೊಟ್ರಯ್ಯ ಕೇಳಿದ:

"ಅಜ್ಜಾರ, ಮಂದಿ ತಪ್ಪು ಹುಡುಕೂದು ಪಾಪ ಅಂತ ನೀವ ಹೇಳ್ತೀರಿ. ಮಾಡೂ ಕೆಲಸ ಎಲ್ಲಾ ಕಾಯಕ ಅಂತಾನೂ ನೀವ ಹೇಳ್ತೀರಿ. ತಪ್ಪು ಹುಡುಕೂದ ಒಬ್ಬನ ಕೆಲಸ ಆಗಿದ್ರ, ಅದು ಪಾಪೋ ಕಾಯಕೋ?"

ಕೊಟ್ರಯ್ಯ ನಗರಸಭೆಯ ನಿರೀಕ್ಷಕ. ಚರಂಡಿಯ ಮೇಲೆ ಮೆಟ್ಟಿಲು ಕಟ್ಟಿದವರಿಗೆ, ಖಾಲಿ ನಿವೇಶನಕ್ಕೆ ಕಸ ಸುರಿದವರಿಗೆ, ಬೀಳುವಂತಿದ್ದ ಮನೆಯನ್ನು ಬಾಡಿಗೆಗೆ ಕೊಟ್ಟವರಿಗೆ ನೋಟಿಸು ಕೊಡುವುದು ಅವನ ಉದ್ಯೋಗ. ಆ ದಿನ ಬೆಳಿಗ್ಗೆ ಒಬ್ಬಾಕೆ ಅವನ ಮುಖದ ಮುಂದೆಯೇ ಲಟಿಕೆ ಮುರಿದು, "ನಿನ್ನ ಮನಿ ಹಾಳಾಗ" ಎಂದು ಶಪಿಸಿದ್ದಳು. ಈ ನೌಕರಿ ಸಾಕು ಎಂದು ಮನಸ್ಸು ಮಾಡಿಕೊಂಡೇ ಅವನು ಮಠಕ್ಕೆ ಬಂದಿದ್ದ.

ಅಜ್ಜಾರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಹಿಂದಿನ ಕಾಲದಲ್ಲಿ ಒಂದು ಪೇಟೆಯಿತ್ತು. ಆ ಪೇಟೆಯ ಪುರಸಭೆಯಲ್ಲಿ ಒಬ್ಬ ಪಾರುಪತ್ಯಗಾರನಿದ್ದ. ಬೀದಿಗಳ ಉಸ್ತುವಾರಿ ಅವನದು. ಯಾರ ಗಟಾರ ಕಟ್ಟಿದೆ, ಯಾರ ಜಗಲಿ ಬೀದಿಗೆ ಕಾಲು ಚಾಚಿದೆ, ಯಾರ ತಿಪ್ಪೆ ಬಾವಿಗೆ ಹತ್ತಿರವಾಗಿದೆ ಎಂದು ನೋಡಿಕೊಂಡು ತಿರುಗುವುದೇ ಅವನ ಕೆಲಸ.

ಅವನ ಕೈಯಲ್ಲಿ ಒಂದು ಕುಂಚ, ಒಂದು ಕುಡಿಕೆ. ಕುಡಿಕೆಯೊಳಗೆ ಹುರಮಂಜು, ಅಂದರೆ ನೀರಲ್ಲಿ ಕಲಸಿದ ಕೆಮ್ಮಣ್ಣಿನ ಬಣ್ಣ. ಎಲ್ಲಿ ಕಟ್ಟಳೆ ಮುರಿದಿದೆಯೋ ಆ ಗೋಡೆಯ ಮೇಲೆ ಒಂದು ಅಡ್ಡಪಟ್ಟೆ ಎಳೆಯುತ್ತಿದ್ದ. ಮನೆಯವರು ತಪ್ಪು ಸರಿಪಡಿಸಿದ ಮೇಲೆ ತಾನೇ ಬಂದು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದ. ಒಂದು ಪಟ್ಟೆಯಾದರೆ, ಸರಿಪಡಿಸಿ ಎಂದರ್ಥ. ಎರಡು ಪಟ್ಟೆಯಾದರೆ, ಇದು ಬೀಳುತ್ತದೆ, ದೂರ ಸರಿಯಿರಿ ಎಂದರ್ಥ. ಇದು ಊರಿನ ಮಕ್ಕಳಿಗೂ ಗೊತ್ತಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಮನೆಯ ಗೋಡೆ ನೋಡುತ್ತಿದ್ದರು. ಪಟ್ಟೆಯಿದ್ದರೆ ಚಹಾ ಕುಡಿಯದೆ ಎದ್ದು ಹೋದದ್ದೂ ಉಂಟು.

ಅವನದೊಂದು ರೀತಿಯಿತ್ತು. ಯಾರ ಮನೆಗೆ ಹೋದರೂ ಮೊದಲು ಒಂದು ತಂಬಿಗೆ ನೀರು ಕೇಳುತ್ತಿದ್ದ. ಅರ್ಧ ಕುಡಿದು, ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿ, ಆ ನೀರು ಎಲ್ಲಿಗೆ ಹರಿಯುತ್ತದೆ ಎಂದು ನೋಡುತ್ತ ಅದರ ಹಿಂದೆಯೇ ನಡೆಯುತ್ತಿದ್ದ. ನೀರು ನಿಂತಲ್ಲಿ ತಪ್ಪು ಸಿಗುತ್ತಿತ್ತು. ನೀರು ಕೊಟ್ಟ ಮನೆಯಲ್ಲಿ ಬಿರುಸು ಮಾತು ಆಡಬಾರದೆಂದು ಅವನ ತಾಯಿ ಅವನಿಗೆ ಕಲಿಸಿದ್ದಳು. ಹಾಗಾಗಿ ತಪ್ಪು ಸಿಕ್ಕರೂ ಅವನ ದನಿ ಏರುತ್ತಿರಲಿಲ್ಲ.

"ಸಾಹೇಬ್ರ, ನೀರು ಕೊಟ್ರ ನಮ್ಮ ಗಟಾರ ನಮಗ ತೋರಸ್ತೀರಿ. ಮಜ್ಜಿಗಿ ಕೊಟ್ರ ಏನು ಮಾಡ್ತೀರಿ?" ಎಂದು ಹೂ ಮಾರುವವಳೊಬ್ಬಳು ಛೇಡಿಸಿದಳು.

"ಮಜ್ಜಿಗಿ ಆದ್ರ ಪೂರಾ ಕುಡೀತೀನಿ ತಂಗಿ, ಚೆಲ್ಲೂದಿಲ್ಲ."

ಅಂದಿನಿಂದ ಗಟಾರ ಕಟ್ಟಿದ ಮನೆಗಳಲ್ಲೆಲ್ಲ ಅವನಿಗೆ ಮಜ್ಜಿಗೆಯೇ ಸಿಗತೊಡಗಿತು. ಅವನು ನಗುತ್ತ ಮಜ್ಜಿಗೆ ಕುಡಿದು, ತಂಬಿಗೆ ತೊಳೆಯಲು ನೀರು ಕೇಳುತ್ತಿದ್ದ.

ಆ ಪೇಟೆಯ ಮುಂಜಾವು ಹೇಗಿತ್ತೆಂದು ಹೇಳುವಾಗ ಅಜ್ಜಾರ ದನಿ ಸ್ವಲ್ಪ ಮೆತ್ತಗಾಯಿತು. ಓಣಿಯ ತುಂಬ ಒಂದೇ ಸಲಕ್ಕೆ ಅಂಗಳಕ್ಕೆ ನೀರು ಚಿಮುಕಿಸಿ ಥಳಿ ಹೊಡೆಯುವ ಸಪ್ಪಳ. ಸಗಣಿ ನೀರಿನ ವಾಸನೆ. ಒಬ್ಬಳು ತನ್ನ ಬಾಗಿಲ ಮುಂದೆ ಕಸ ಹೊಡೆಯುತ್ತ ನೆರೆಯವಳ ಬಾಗಿಲ ತನಕವೂ ಹೋಗುತ್ತಿದ್ದಳು. ಮರುದಿನ ಅವಳು ಇವಳ ಬಾಗಿಲ ತನಕ ಬರುತ್ತಿದ್ದಳು. ಗಡಿ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಆ ಓಣಿಯೂ ಇಲ್ಲ, ಆ ಸಪ್ಪಳವೂ ಇಲ್ಲ ಎಂದು ಹೇಳಿ ಅಜ್ಜಾರು ಕತೆ ಮುಂದುವರಿಸಿದರು.

ಆ ಓಣಿಯ ತಿರುವಿನಲ್ಲಿ ಒಂದು ಗಾಣದ ಮನೆಯಿತ್ತು. ಗಾಣ ನಿಂತು ಬಹಳ ಕಾಲವಾಗಿತ್ತು. ಛಾವಣಿ ಹೋಗಿ, ಬೀದಿಯ ಕಡೆಯ ಎತ್ತರದ ಗೋಡೆಯೊಂದು ಉಳಿದಿತ್ತು. ಮಳೆಯ ನೀರು ನೆತ್ತಿಯಿಂದ ಇಳಿದು ಇಳಿದು ಆ ಗೋಡೆ ಹೊಟ್ಟೆ ಬಿಟ್ಟಿತ್ತು. ಅದರ ಬುಡದಲ್ಲೇ ಊರಿನ ನಲ್ಲಿ. ಹೆಂಗಸರು ಕೊಡ ಹಿಡಿದು ನಿಲ್ಲುವ ಜಾಗ.

ಗೋಡೆಯ ಒಡತಿ ಈರವ್ವ ಎಂಬ ವಿಧವೆ. ಕೆಡವಿಸಬೇಕೆಂದು ಪಾರುಪತ್ಯಗಾರ ಹೇಳಿದಾಗಲೆಲ್ಲ ಅವಳದು ಒಂದೇ ಮಾತು:

"ನನ್ನ ಗಂಡ ಕೈಯಾರೆ ಮಣ್ಣು ತುಳದು ಕಟ್ಟಿದ ಗ್ವಾಡಿ. ಅಂವ ಹೋದ್ರೂ ಅದು ನಿಂತೈತಿ. ಅಂವಂದು ಅಂತ ಮುಟ್ಟಾಕ ಇನ್ನೇನು ಉಳದೈತ್ರೀ ನನಗ?"

ಆ ಮಾತು ಕೇಳಿ ಅವನು ಪ್ರತಿ ಸಲವೂ ಕುಂಚವನ್ನು ಕುಡಿಕೆಗೆ ಹಾಕಿಕೊಂಡು ಹಿಂದಿರುಗುತ್ತಿದ್ದ. ನಿಯಮ ಅವನ ಕೈಯಲ್ಲಿತ್ತು, ಕೈ ಏಳುತ್ತಿರಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಆ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಂಡಿತು. ಇನ್ನು ತಡೆಯಬಾರದೆಂದು ಅವನು ಎರಡು ಪಟ್ಟೆ ಎಳೆಯಹೋದ. ಗೋಡೆಯೇ ಕೆಮ್ಮಣ್ಣಿನದು; ಹುರಮಂಜು ಅದರ ಮೇಲೆ ಎದ್ದು ಕಾಣಲಿಲ್ಲ. ದೂರದಿಂದಲೇ ಜನರ ಕಣ್ಣಿಗೆ ಬೀಳಲಿ ಎಂದು ಅವನು ಮೊದಲು ಸುಣ್ಣ ಬಳಿದು, ಅದರ ಮೇಲೆ ಎರಡು ಕೆಂಪು ಪಟ್ಟೆ ಎಳೆದ. ಕೆಂಪು, ಬಿಳಿ, ಕೆಂಪು. ಎಳೆದು, ಕೂಲಿಯವರನ್ನು ಕರೆತರಲು ಪುರಸಭೆಗೆ ಹೋದ.

ಅಲ್ಲಿಯೇ ಅವನು ಎಡವಿದ್ದು. ಸುಣ್ಣ ಹುರಮಂಜಿನ ಪಟ್ಟೆ ಆ ಸೀಮೆಯಲ್ಲಿ ಯಾವ ಗೋಡೆಗೆ ಇರುತ್ತದೆ? ದೇವರ ಗುಡಿಯ ಗೋಡೆಗೆ. ಅದೂ ಊರದೇವತೆ ದ್ಯಾಮವ್ವನ ಗುಡಿಗೆ.

ನೀರಿಗೆ ಬಂದ ಹೆಂಗಸರು ನೋಡಿದರು. ರಾತ್ರಿ ಬೋಳಾಗಿದ್ದ ಗೋಡೆಯ ಮೇಲೆ ಬೆಳಿಗ್ಗೆ ಗುಡಿಯ ಪಟ್ಟೆ ಮೂಡಿದೆ. ಒಬ್ಬಳು ಕೊಡ ಇಳಿಸಿ ಕೈ ಮುಗಿದಳು. ಇನ್ನೊಬ್ಬಳು ಕುಂಕುಮ ತಂದಳು. ಮಧ್ಯಾಹ್ನದ ಹೊತ್ತಿಗೆ ಓಣಿ ತುಂಬಿತು. ದ್ಯಾಮವ್ವ ಈರವ್ವನ ಗೋಡೆಗೆ ಬಂದು ನಿಂತಿದ್ದಾಳೆ, ಇನ್ನು ಈ ಗೋಡೆಯನ್ನು ಯಾರೂ ಮುಟ್ಟುವಂತಿಲ್ಲ ಎಂದರು. ಈರವ್ವ ಗಂಡ ಹೋದ ಮೇಲೆ ಮೊದಲ ಸಲ ಹಸಿರು ಸೀರೆ ಉಟ್ಟು, ಗೋಡೆಗೆ ಅಂಗೈ ಹಚ್ಚಿ ನಿಂತಿದ್ದಳು.

ಪಾರುಪತ್ಯಗಾರ ಕೂಲಿಯವರೊಡನೆ ಬಂದು ನೋಡಿದ. ಯಾವ ಜಾಗದಲ್ಲಿ ಒಂದು ನಾಯಿಯೂ ಮಲಗಬಾರದೆಂದು ಅವನು ಪಟ್ಟೆ ಎಳೆದಿದ್ದನೋ, ಅದೇ ಜಾಗದಲ್ಲಿ ಊರಿಗೆ ಊರೇ ನಿಂತಿತ್ತು. ಹಣೆ ಹಚ್ಚುವವರು, ಕಾಯಿ ಒಡೆಯುವವರು. ಕಾಯಿಯ ಪೆಟ್ಟಿಗೆ ಬಿರುಕಿನಿಂದ ಮಣ್ಣು ಉದುರುತ್ತಿತ್ತು. ಉದುರಿದ ಮಣ್ಣನ್ನು ತಾಯಿಯ ಪ್ರಸಾದವೆಂದು ಸೆರಗಿನಲ್ಲಿ ಹಿಡಿಯುತ್ತಿದ್ದರು.

ಕೂಲಿಯವರು ಹಾರೆ ಕೆಳಗಿಟ್ಟು ಕೈ ಮುಗಿದರು. ಅವನು ಪುರಸಭೆಯ ಅಧ್ಯಕ್ಷರ ಬಳಿಗೆ ಓಡಿದ. ಅವರು, "ದೇವರ ಗ್ವಾಡಿಗೆ ಕೈ ಹಚ್ಚಿದ್ರ ಊರಾಗ ಬೆಂಕಿ ಬೀಳ್ತದೋ ಮಾರಾಯಾ. ಎರಡು ದಿನ ತಡಿ" ಎಂದರು. ಹೊರಗೆ ಬಂದರೆ ಪಡುವಣದಲ್ಲಿ ಮೋಡ ಕಟ್ಟಿತ್ತು.

ಅವನು ದ್ಯಾಮವ್ವನ ಗುಡಿಗೆ ಹೋದ. ಪ್ರತಿದಿನ ಅವಳ ಮುಖ ನೋಡದೆ ಅವನು ಬೀದಿಗೆ ಇಳಿದವನಲ್ಲ. ಆ ಹೊತ್ತು ಅವನಿಗೆ ಅವಳೆದುರು ಕಣ್ಣೆತ್ತಲಾಗಲಿಲ್ಲ. ತಾಯಿ ಅಲ್ಲಿಗೆ ಬಂದಿಲ್ಲ ಎಂದು ಹೇಳಲು ತಾನು ಯಾರು? ಆಕೆ ಇಲ್ಲದ ಗೋಡೆ ಯಾವುದಿದೆ? ಪಟ್ಟೆ ಒರೆಸಿದರೆ ಜನರ ಭಕ್ತಿಯನ್ನು ಒರೆಸಿದಂತೆ. ಒರೆಸದಿದ್ದರೆ ಜನರೇ ಉಳಿಯುವುದಿಲ್ಲ. ಅವನು ರುಮಾಲಿನಿಂದ ಕಣ್ಣೊರೆಸಿಕೊಂಡು ಎದ್ದ.

ಓಣಿಗೆ ಬಂದು, ಚಪ್ಪಲಿ ಬಿಟ್ಟು, ರುಮಾಲು ತೆಗೆದು, ಬೀದಿಯ ಕೆಸರಿನಲ್ಲೇ ಗೋಡೆಗೆ ಅಡ್ಡಬಿದ್ದ. ಗದ್ದಲ ಇಳಿಯಿತು. ಎದ್ದು ನಿಂತು ಹೇಳಿದ:

"ಅವ್ವಗಳಿರಾ, ಈ ಪಟ್ಟಿ ಮುಂಜಾನೆ ನಾ ಬರದದ್ದು."

ಹೂ ಮಾರುವವಳು ಸೊಂಟದ ಮೇಲೆ ಕೈಯಿಟ್ಟಳು. "ನೀವೇನು ಬರೀತೀರಿ ಸಾಹೇಬ್ರ? ದಿನಾ ಬರದ್ರೂ ನಿಮ್ಮ ಕೈಲೆ ಒಂದು ಗೆರಿ ನೆಟ್ಟಗ ಬರೂದಿಲ್ಲ. ಕುಂಚ ನಿಮ್ಮದು, ಕೈ ಅಕೀದು!"

ಜನ ಹೋ ಎಂದು ನಕ್ಕರು. ಪುರಸಭೆಯ ಯಾವ ಕಟ್ಟಳೆಯಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಅವನೂ ಅದನ್ನೇ ನಂಬಿದ್ದ. ಕುಂಚ ಹಿಡಿದಾಗಲೆಲ್ಲ, ಕೈ ನಿನ್ನದು ತಾಯಿ ಎಂದುಕೊಂಡೇ ಅವನು ಗೆರೆ ಎಳೆಯುತ್ತಿದ್ದ.

"ಖರೇ ಐತಿ ತಂಗಿ" ಎಂದ ಅವನು, ಮೆಲ್ಲಗೆ. "ಕೈ ಅಕೀದು. ಹಂಗಂದ್ರ ಬರದಾಕೀನೂ ಅಕೀನ. ಈ ಊರಾಗ ಎರಡು ಪಟ್ಟಿ ಬರದ್ರ ಏನಂತ ಅರ್ಥ, ನೀವ ಹೇಳ್ರಿ. ನಾ ಹೇಳಿದ್ರ ಪುರಸಭಾದ ಮಾತು ಅಂತೀರಿ."

ಎಲ್ಲರಿಗೂ ಗೊತ್ತಿತ್ತು. ಹೂ ಮಾರುವವಳು ನೆಲ ನೋಡಿದಳು. ಎಲ್ಲೋ ಒಂದು ಹನಿ ಮಳೆ ಬಿತ್ತು, ಇನ್ನೊಂದು ಹನಿ ಬಿತ್ತು.

ಗೋಡೆಗೆ ಅಂಗೈ ಹಚ್ಚಿ ನಿಂತಿದ್ದ ಈರವ್ವ ಆ ಪಟ್ಟೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ತೆಗೆದಳು.

"ದೂರ ಸರೀರಿ ಅಂತ" ಎಂದಳು. "ತಾಯಿ ದೂರ ಸರೀರಿ ಅಂದಾಳ. ಸರೀರಿ ಎವ್ವಾ, ಎಲ್ಲಾರೂ ಸರೀರಿ."

ತಾನೇ ಮೊದಲು ಹಿಂದಕ್ಕೆ ಹೆಜ್ಜೆಯಿಟ್ಟಳು. ಅವಳ ಹಿಂದೆ ಒಬ್ಬೊಬ್ಬರಾಗಿ, ಕೊಡ, ಕಾಯಿ, ಕರ್ಪೂರದ ತಟ್ಟೆ ಎತ್ತಿಕೊಂಡು ಎಲ್ಲರೂ ಸರಿದರು. ಗೋಡೆಯ ಬುಡ ಬರಿದಾಯಿತು.

ಮಳೆ ಜೋರಾಗುವುದರೊಳಗೆ ಗೋಡೆ ಇಳಿಸಿದರು. ಕೂಲಿಯವರ ಜೊತೆ ಓಣಿಯ ಗಂಡಸರೂ ಕೈಜೋಡಿಸಿದರು. ಪಟ್ಟೆಯಿದ್ದ ಮಣ್ಣನ್ನು ಯಾರ ಕಾಲಿಗೂ ಸಿಗದಂತೆ ಹೊತ್ತು ಬನ್ನಿಗಿಡದ ಬುಡಕ್ಕೆ ಹಾಕಿದರು. ಈರವ್ವ ಗಂಡನ ಕೈಯ ಒಂದು ಹೆಂಟೆ ಮಣ್ಣನ್ನು ತನ್ನ ಒಲೆಗೆ ಮೆತ್ತಿಕೊಂಡಳು.

ಆದರೆ ಇಳಿಸುವಾಗ ಗೋಡೆಯ ಮೇಲಿನ ಸಾಲುಗಳು ಮುಟ್ಟಿದೊಡನೆ ಉದುರಿದವು, ಕೆಳಗಿನ ಸಾಲುಗಳು ಹಾರೆಗೂ ಜಗ್ಗಲಿಲ್ಲ. ಅದನ್ನು ನೋಡಿದ ಕೆಲವರು, "ಇಂಥಾ ಗಟ್ಟಿ ಗ್ವಾಡಿ ಕೆಡವಿಸಿದ ನೋಡ್ರಿ. ಇನ್ನೂ ನಮ್ಮ ಮೊಮ್ಮಕ್ಕಳ ಕಾಲದ ತನಕಾ ನಿಲ್ತಿತ್ತು" ಎಂದರು. ಪಾರುಪತ್ಯಗಾರ ಬದುಕಿರುವ ತನಕ ಆ ಮಾತು ಅವನ ಬೆನ್ನ ಹಿಂದೆ ನಡೆಯುತ್ತಲೇ ಇತ್ತು. ಗೋಡೆ ಇಳಿಸಿದ ಮರುದಿನವೇ ಅವನು ದ್ಯಾಮವ್ವನ ಮುಖ ನೋಡಿಕೊಂಡು, ಕುಡಿಕೆ ಹಿಡಿದು, ಮುಂದಿನ ಓಣಿಯಲ್ಲಿ ಒಂದು ತಂಬಿಗೆ ನೀರು ಕೇಳಿದ. ಎಷ್ಟೋ ವರ್ಷಗಳ ಮೇಲೆ ಅವನು ತೀರಿಕೊಂಡಾಗ ಆ ಪೇಟೆಯಲ್ಲಿ ಅವನ ಹೆಸರಿನ ಒಂದು ಕಲ್ಲೂ ನಿಲ್ಲಲಿಲ್ಲ.

ಕತೆ ನಿಂತಿತು. ಕೊಟ್ರಯ್ಯ ಕೇಳಿದ:

"ಅಜ್ಜಾರ, ಆ ಗ್ವಾಡಿ ಖರೇನ ಬೀಳ್ತಿತ್ತೇನ್ರಿ? ಇಲ್ಲಾ ಅಂವ ಸುಮ್ಮನ ಆ ಹೆಣ್ಮಗಳ ಹೊಟ್ಟಿ ಉರಿಸಿದ್ನೋ?"

ಅಜ್ಜಾರು ಹೇಳಿದರು: "ಯಾರಿಗೆ ಗೊತ್ತಪಾ, ಆ ಗ್ವಾಡಿಗೆ ಹಣಿ ಹಚ್ಚಿ ನಿಂತವರೊಳಗ ನನ್ನ ಹಡೆದವ್ವನೂ ಇದ್ದಳು, ನಾ ಆಗ ಅಕೀ ಹೊಟ್ಟ್ಯಾಗಿದ್ದೆ."

ಮರುದಿನ ಬೆಳಿಗ್ಗೆ ಕೊಟ್ರಯ್ಯ ನೋಟಿಸಿನ ಪುಸ್ತಕ ಹಿಡಿದು ಕೆಲಸಕ್ಕೆ ಹೋದ; ಮೊದಲ ಮನೆಯಲ್ಲಿ ಒಂದು ತಂಬಿಗೆ ನೀರು ಕೇಳಿದ.

ಈ ಕತೆಗೆ ಕಿವಿಗೊಟ್ಟ ನಿಮ್ಮೆಲ್ಲರ ಅಂಗಳದ ನೀರು ತಡೆಯಿಲ್ಲದೆ ಹರಿಯಲಿ. ನಿಮ್ಮ ಗೋಡೆಗಳು ನಿಮ್ಮ ಮಕ್ಕಳ ಮೇಲೆ ನೆರಳಾಗಿ ಮಾತ್ರ ಬೀಳಲಿ. ನಿಮ್ಮನ್ನು ದೂರ ಸರಿಸಿ ಕಾಯುವ ಕೈಯೊಂದು ನಿಮ್ಮ ಓಣಿಯಲ್ಲಿ ಎಂದೆಂದಿಗೂ ಇರಲಿ. ಶಿವನು ನಿಮ್ಮನ್ನು ಚೆನ್ನಾಗಿಟ್ಟಿರಲಿ.